ತೊರಕೆ ಮೀನು, ರಿಕ್ಸಿಯಾ ಮತ್ತು ಪುಟ್ಟಗಂಗಮ್ಮ

ತಿಪಟೂರಿನ ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರದ ಲ್ಯಾಬಿಗೆ ಎರಡು ಬೀಗದ ಕೈ ಇವೆ. ಒಂದು ಪ್ರಿನ್ಸಿಪಾಲರ ಮೇಜಿನ ಡ್ರಾಯರಿನಲ್ಲಿದೆ, ಇನ್ನೊಂದು ಪುಟ್ಟಗಂಗಮ್ಮನವರ ಸೊಂಟದಲ್ಲಿದೆ. ಡ್ರಾಯರಿನದ್ದನ್ನು ಯಾರಾದರೂ ಬಳಸಿದ್ದನ್ನು ನಾನಂತೂ ನೋಡಿಲ್ಲ.

ಪುಟ್ಟಗಂಗಮ್ಮ ನಮ್ಮ ಲ್ಯಾಬ್ ಅಟೆಂಡರ್. ಹಂದನಕೆರೆ ಪಕ್ಕದ ತೋಟದ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ವಯಸ್ಸು ಐವತ್ಮೂರು, ಓದಿದ್ದು ಏಳನೇ ಕ್ಲಾಸು. ಅವರ ಯಜಮಾನರು ಚಿಕ್ಕರಂಗಯ್ಯ, ಕಾಯಿ ಸುಲಿಯುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವರು. ಇನ್ನು ನಾನು ಗಿರಿಜಾಂಬಿಕಾ, ಅದೇ ಲ್ಯಾಬಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವಳು. ಹನ್ನೆರಡು ವರ್ಷದ ಹಿಂದೆ ತುರುವೇಕೆರೆಯಿಂದ ಇಲ್ಲಿಗೆ ಬಂದೆ. ಬಂದ ಮೊದಲ ದಿನ ಕಪ್ಪೆಯ ಅಸ್ಥಿಪಂಜರ ಎಲ್ಲಿದೆ ಅಂತ ಹುಡುಕುತ್ತಿದ್ದಾಗ ಹಿಂದಿನಿಂದ, "ಮೂರನೇ ಬೀರು, ಎರಡನೇ ಅಂತಸ್ತು ಮೇಡಂ. ಎಡಗಾಲು ಸಡ್ಲ ಐತೆ, ನಿಧಾನಕ್ಕೆ ತಗೀರಿ" ಅಂತ ಒಂದು ದನಿ ಬಂತು. ಅದೇ ನಮ್ಮ ಪರಿಚಯ.

ಅವರು ಈ ಲ್ಯಾಬಿಗೆ ಬಂದ ಕತೆಯನ್ನು ನನಗೆ ಹೇಳಿದ್ದು ನಿವೃತ್ತರಾದ ಸಸ್ಯಶಾಸ್ತ್ರದ ಮೇಷ್ಟ್ರು ಕೃಷ್ಣಯ್ಯನವರು. ಆಗ ಪುಟ್ಟಗಂಗಮ್ಮ ಕಾರಿಡಾರು ಗುಡಿಸುವ ದಿನಗೂಲಿ ಕೆಲಸದಲ್ಲಿದ್ದರಂತೆ. ಪ್ರಾಕ್ಟಿಕಲ್ ಪರೀಕ್ಷೆಗೆ ರಿಕ್ಸಿಯಾ ಬೇಕಿತ್ತು. ರಿಕ್ಸಿಯಾ ಅಂದರೆ ಲಿವರ್‌ವರ್ಟ್ ಗುಂಪಿನ ಒಂದು ಪುಟಾಣಿ ಗಿಡ. ಅದಕ್ಕೆ ಕಾಂಡವಿಲ್ಲ, ಎಲೆಯಿಲ್ಲ, ಹೂವಿಲ್ಲ. ಹಸಿ ಮಣ್ಣಿನ ಮೇಲೆ ಕವಲೊಡೆದ ಹಸಿರು ಪಟ್ಟಿಯಂತೆ ಅಂಗಾತ ಮಲಗಿರುತ್ತದೆ, ಅಷ್ಟೆ. ನಮ್ಮ ಕಡೆ ಅದಕ್ಕೆ ಬೇರೆ ಹೆಸರೇ ಇಲ್ಲ. ನೆಲಕ್ಕೆ ಅಂಟಿದ ಹಸಿರೆಲ್ಲ ನಮಗೆ ಪಾಚಿಯೇ. ಮೇಷ್ಟ್ರು ಎರಡು ದಿನ ಕೆರೆ ಏರಿ ಮೇಲೆ ಹುಡುಕಿ ಬರಿಗೈಯಲ್ಲಿ ಬಂದು, ಬೋರ್ಡಿನ ಮೇಲೆ ಅದರ ಚಿತ್ರ ಬಿಡಿಸುತ್ತಿದ್ದರಂತೆ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಪುಟ್ಟಗಂಗಮ್ಮ ಕೇಳಿದ್ದಾರೆ:

"ಇದು ನಮ್ ತೋಟದ ಪಾತಿನಾಗೆ ಬೆಳೀತದಲ್ಲ ಸಾ. ಇದುನ್ನ ಯಾಕೆ ಬರೀತಿದೀರಿ?"

ಮಾರನೇ ದಿನ ಬೆಳಿಗ್ಗೆ ಮೇಷ್ಟ್ರ ಮೇಜಿನ ಮೇಲೆ ಆರು ಕರಟಗಳು. ಒಂದೊಂದರಲ್ಲೂ ಒಂದು ಹಿಡಿ ಹಸಿ ಮಣ್ಣು, ಮಣ್ಣಿನ ಮೇಲೆ ಅಚ್ಚು ಹಾಕಿದ ಹಾಗೆ ರಿಕ್ಸಿಯಾ. "ರಿಕ್ಷಾ ಅಂತ ಕರೀತೀರಲ್ಲ ಸಾ, ಇದೇ ತಾನೆ?" ಅಂದರಂತೆ. ಮೇಷ್ಟ್ರು ಆವತ್ತೇ ಪ್ರಿನ್ಸಿಪಾಲರ ಹತ್ತಿರ ಹೋಗಿ, ಆ ಹೆಂಗಸು ನನ್ನ ಲ್ಯಾಬಿಗೆ ಬೇಕು ಅಂತ ಪಟ್ಟು ಹಿಡಿದರು.

ಅಲ್ಲಿಂದೀಚೆಗೆ ಇಪ್ಪತ್ತೆರಡು ವರ್ಷವಾಯಿತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಪ್ರತಿ ವರ್ಷ ಅದೇ ಪಾಠಗಳನ್ನು ಕೇಳಿಕೊಂಡೇ ಪುಟ್ಟಗಂಗಮ್ಮ ಬಂದಿದ್ದಾರೆ. ಅವರು ಕೇಳುತ್ತಿದ್ದಾರೆ ಅನ್ನುವುದು ನಮ್ಮ ಗಮನಕ್ಕೇ ಬಂದಿರಲಿಲ್ಲ. ರಿಕ್ಸಿಯಾ ಸಿಗದ ಬೇಸಿಗೆಯ ಪರೀಕ್ಷೆಗೆ ಅವರದೇ ಒಂದು ಉಪಾಯವಿತ್ತು. ಚಳಿಗಾಲದಲ್ಲೇ ಮಣ್ಣು ಸಮೇತ ಕೆತ್ತಿ ಕರಟದಲ್ಲಿ ಒಣಗಿಸಿ ಅಟ್ಟದ ಮೇಲೆ ಇಡುವುದು, ಪರೀಕ್ಷೆಗೆ ಮುಂಚೆ ನೀರು ಚಿಮುಕಿಸಿ ನೆರಳಲ್ಲಿಡುವುದು. ಸತ್ತೇ ಹೋಯಿತು ಅಂದುಕೊಂಡ ಕಂದು ಚೂರುಗಳ ತುದಿಯಲ್ಲಿ ಹಸಿರು ಚಿಗುರುತ್ತಿತ್ತು. ಸುತ್ತಲಿನ ಮೂರು ಕಾಲೇಜಿನವರು ಇವರ ಕರಟಕ್ಕಾಗಿ ಬರುತ್ತಿದ್ದರು.

ಇನ್ನು ತೊರಕೆಯ ವಿಷಯ. ನಮ್ಮ ಮ್ಯೂಸಿಯಂ ಬೀರುವಿನ ಪಕ್ಕ, ಕಲ್ಲಿನ ಹಲಗೆಯ ಮೇಲೆ, ಒಂದು ದೊಡ್ಡ ಗಾಜಿನ ಜಾಡಿಯಲ್ಲಿ ತೊರಕೆ ಮೀನು ಇತ್ತು. ಕರಾವಳಿಯವರು ಹಾಗೆ ಕರೆಯುವ ಈ ಮೀನು ರೊಟ್ಟಿಯಂತೆ ಚಪ್ಪಟೆ. ಎರಡೂ ಕಡೆ ರೆಕ್ಕೆಯಂತೆ ಹರಡಿದ ಮೈ, ಹಿಂದೆ ಚಾಟಿಯಂಥ ಬಾಲ, ಬಾಲದಲ್ಲಿ ಒಂದು ಮುಳ್ಳು. ಕಣ್ಣು ಮೇಲ್ಗಡೆ, ಬಾಯಿ ಮತ್ತು ಕಿವಿರು ತಳಗಡೆ. ಎಷ್ಟೋ ವರ್ಷದ ಹಿಂದೆ ಮಲ್ಪೆಗೆ ಟೂರು ಹೋದವರು ತಂದಿದ್ದಂತೆ. ಚೀಟಿ ಉದುರಿ ಹೋಗಿತ್ತು. ವರ್ಷಕ್ಕೆ ಎರಡು ಸಲ, ಮೈ ಕೊಳೆಯದಂತೆ ಇಡುವ ಫಾರ್ಮಲಿನ್‌ಗೆ ಒಂದಕ್ಕೆ ಒಂಬತ್ತು ಪಾಲು ನೀರು ಬೆರೆಸಿ ತುಂಬಿಸಿ, ಮುಚ್ಚಳದ ಸುತ್ತ ಮೇಣ ಮೆತ್ತಿ ಅದನ್ನು ಕಾಪಾಡಿದ್ದು ಪುಟ್ಟಗಂಗಮ್ಮನೇ.

ಮೂರು ವರ್ಷದ ಹಿಂದೆ ಮೇ ರಜೆಯಲ್ಲಿ ನಾನು ತುರುವೇಕೆರೆಯ ತೌರುಮನೆಯಲ್ಲಿದ್ದೆ. ಮಧ್ಯಾಹ್ನ ಅವರ ಫೋನು ಬಂತು.

"ಮೇಡಂ, ಕೋತಿ ಕಿಟಕಿಯಿಂದ ನುಗ್ಗಿ ಮೀನಿನ ಜಾಡಿ ಕೆಡವಿಬುಟ್ಟೈತೆ. ಜಾಡಿ ಹೋಯ್ತು, ಮೀನು ಐತೆ."

"ಅಯ್ಯೋ, ನೀವು ಒಳಗೆ ಹೋಗಬೇಡಿ ಗಂಗಮ್ಮ. ಆ ವಾಸನೆ ಕಣ್ಣಿಗೆ ಹೊಡೆಯುತ್ತೆ."

"ಹೋಗಿ ಬಂದೂ ಆಯ್ತು. ಕಿಟಕಿ ಎಲ್ಲ ತೆಗ್ದೆ, ಮೂಗಿಗೆ ಒದ್ದೆ ಬಟ್ಟೆ ಕಟ್ಕಂಡೆ, ಗ್ಲೌಸು ಹಾಕ್ಕಂಡೆ. ನೀವು ಗಾಬ್ರಿ ಆಗ್ಬೇಡಿ. ಇರೋ ಬರೋ ಫಾರ್ಮಲಿನ್ನು ಪೇಂಟ್ ಡಬ್ಬಕ್ಕೆ ಹುಯ್ದು ಮೀನು ಅದ್ರೊಳಗೆ ಇಕ್ಕಿದೀನಿ. ಆದ್ರೆ ನೀವು ಬರ್ಬೇಕು. ಒಂದು ವಿಚಾರ ಐತೆ."

"ಏನು?"

"ಫೋನಲ್ಲಿ ಯೇಳಂಗಿಲ್ಲ. ಬನ್ನಿ."

ಮಾರನೇ ದಿನ ಹೋದೆ. ಗಾಜಿನ ಚೂರು, ಚೆಲ್ಲಿದ ದ್ರವ ಎಲ್ಲವನ್ನೂ ಮರಳು ಹಾಕಿ ಒರೆಸಿ ತೆಗೆದಿದ್ದರು. ವರಾಂಡದ ಗಾಳಿಯಲ್ಲಿ ಬಿಳಿ ತಟ್ಟೆಯ ಮೇಲೆ ತೊರಕೆಯನ್ನು ಮಗುಚಿ ಮಲಗಿಸಿದರು. ಬಿದ್ದ ಏಟಿಗೆ ಹೊಟ್ಟೆ ಸೀಳಿತ್ತು. ಸೀಳಿನೊಳಗೆ ಬೀಡಿಯಂತೆ ಸುರುಳಿ ಸುತ್ತಿಕೊಂಡ ಏನೋ ಒಂದು. ಚಿಮಟದಿಂದ ಮೆಲ್ಲಗೆ ಬಿಡಿಸಿದೆ. ಪುಟ್ಟ ರೆಕ್ಕೆ, ಪುಟ್ಟ ಬಾಲ, ಬಾಲದಲ್ಲಿ ಮೆತ್ತಗಿನ ಪುಟ್ಟ ಮುಳ್ಳು. ಅದರ ಹಿಂದೆ ಇನ್ನೊಂದು. ಎರಡು ಮರಿ.

ಒಂಬತ್ತು ವರ್ಷ ನಾನು ಆ ಜಾಡಿಯ ಮುಂದೆ ನಿಂತು ಪಾಠ ಮಾಡಿದ್ದೆ. ಅದು ಬಸುರಿ ಅಂತ ನನಗೆ ಗೊತ್ತಿರಲಿಲ್ಲ.

"ಹೆಣ್ಣು ಅಂತ ನಂಗೆ ಮೊದ್ಲೇ ಗೊತ್ತಿತ್ತು ಮೇಡಂ. ಗಂಡಾಗಿದ್ರೆ ಬಾಲದ ಬುಡದಾಗೆ ಎರಡು ಕಡ್ಡಿ ಥರ ಇರ್ತವೆ ಅಂತ ನೀವೇ ಯೇಳ್ತೀರಲ್ಲ. ಇದಕ್ಕೆ ಇಲ್ಲ. ಆದ್ರೆ ಬಸುರಿ ಅಂತ ಗೊತ್ತಿರ್ಲಿಲ್ಲ ಬುಡಿ." ಮರಿಗಳನ್ನು ಬಗ್ಗಿ ನೋಡಿ ಅಂದರು: "ಇದೂ ರಿಕ್ಸಿಯಾ ಥರಾನೇ ಕಣ್ ಮೇಡಂ."

ನನಗೆ ನಗು ಬಂತು. "ಎಲ್ಲಿಯ ಸಮುದ್ರದ ಮೀನು, ಎಲ್ಲಿಯ ತೋಟದ ಪಾಚಿ! ಚಪ್ಪಟೆ ಇದೆ ಅಂತಾನಾ?"

"ಚಪ್ಪಟೆ ಹೋಗ್ಲಿ. ನಮ್ಮನೆ ರೊಟ್ಟೀನೂ ಚಪ್ಪಟೆ ಐತೆ. ನಾನು ಯೇಳ್ತಿರೋದು ಬಸುರಿನ ಮಾತು. ಬೇರೆ ಮೀನು ಮೊಟ್ಟೆ ನೀರಿಗೆ ಬುಟ್ಟು ಹೋಯ್ತದೆ. ಇದು ಹೊಟ್ಟೇಲೇ ಇಕ್ಕಂಡೈತೆ. ಬೇರೆ ಪಾಚಿನಾಗೆ ಛತ್ರಿ ಥರ, ಕಡ್ಡಿ ಥರ ಮೇಲಕ್ಕೆ ಎದ್ದು ಬೀಜ ಬುಡ್ತದೆ. ರಿಕ್ಸಿಯಾ ಹಂಗಲ್ಲ. ಅದೂ ಮೈಯೊಳಗೇ ಇಕ್ಕಂಡಿರ್ತದೆ. ಕರ್ರಗೆ ಚುಕ್ಕಿ ಚುಕ್ಕಿ ಕಾಣ್ತದಲ್ಲ, ಲೆನ್ಸು ಹಿಡಿದ್ರೆ?"

ನನ್ನ ನಗು ನಿಂತಿತು. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಕಾಲೇಜು ತೆರೆದ ಮೇಲೆ ಈ ಮಾತನ್ನು ಶಿವರಾಜು ಅವರಿಗೆ ಹೇಳಿದೆ. ಅವರು ಕೃಷ್ಣಯ್ಯ ಮೇಷ್ಟ್ರ ನಂತರ ಬಂದ ಸಸ್ಯಶಾಸ್ತ್ರದ ಅಧ್ಯಾಪಕರು. ಶೆಟ್ಟಿಕೆರೆಯವರು, ಬಲು ಶಿಸ್ತಿನ ಮನುಷ್ಯ. ಪುಟ್ಟಗಂಗಮ್ಮನ ಮುಂದೆಯೇ ತಲೆ ಅಲ್ಲಾಡಿಸಿದರು.

"ಚೆನ್ನಾಗಿದೆ ಗಂಗಮ್ಮ, ಆದ್ರೆ ಹೋಲಿಕೆ ಬೇರೆ, ವಿಜ್ಞಾನ ಬೇರೆ. ಮೀನಿನ ತಾಯಿ ಮರಿಗೆ ಊಟ ಕೊಡುತ್ತೆ. ಗರ್ಭದ ಗೋಡೆಯಿಂದ ಹಾಲಿನಂಥದ್ದು ಒಸರುತ್ತೆ, ಮರಿ ಅದನ್ನ ಕುಡಿದು ಬೆಳೆಯುತ್ತೆ. ಪಾಚಿ ಎಲ್ಲಿಂದ ಊಟ ಕೊಟ್ಟೀತು?"

"ಕೊಡಲ್ವಾ ಸಾ?"

ಶಿವರಾಜು, "ನೋಡಿ ಹೇಳ್ತೀನಿ" ಅಂದರು.

ಒಂದು ವಾರ ಅವರು ಆ ಸುದ್ದಿಯೇ ಎತ್ತಲಿಲ್ಲ. ಎಂಟನೇ ದಿನ ಲ್ಯಾಬಿಗೆ ಬಂದವರು ನನ್ನ ಹತ್ತಿರ ನಿಲ್ಲದೆ ನೇರವಾಗಿ ಬಾಗಿಲ ಪಕ್ಕದ ಸ್ಟೂಲಿನ ಹತ್ತಿರ ಹೋದರು. "ಗಂಗಮ್ಮ, ನಾನೇ ಮರೆತಿದ್ದೆ. ರಿಕ್ಸಿಯಾ ಒಳಗೆ ಕಪ್ಪು ಚುಕ್ಕಿಯಂತೆ ಕಾಣೋ ಆ ಉಂಡೆಗೆ ತಾಯಿ ಗಿಡವೇ ಊಟ ಕೊಡೋದು. ಅದಕ್ಕೆ ಸ್ವಂತ ಅಡುಗೆ ಇಲ್ಲ. ತಾಯಿ ಪೋಷಣೆ ಅಂತ ಸಸ್ಯದವರೂ ಪ್ರಾಣಿಯವರೂ ಒಂದೇ ಮಾತು ಬಳಸ್ತಾರೆ. ನೀವು ಹೇಳಿದ್ದು ಸರಿ."

ಪುಟ್ಟಗಂಗಮ್ಮ ಎದ್ದು ನಿಂತರು. ಸಂತೋಷಕ್ಕೋ ಸಂಕೋಚಕ್ಕೋ ತಿಳಿಯದೆ ಸೆರಗಿನಿಂದ ಮೇಜು ಒರೆಸಿದರು.

"ಆದ್ರೆ ಒಂದು ವ್ಯತ್ಯಾಸ ಇದೆ," ಶಿವರಾಜು ಬಿಡಲಿಲ್ಲ. "ತೊರಕೆ ಹೊಟ್ಟೆಯಿಂದ ಆಚೆ ಬರೋದು ಅದರ ಮಕ್ಕಳು. ರಿಕ್ಸಿಯಾದಲ್ಲಿ ಮಗು ಅಂದ್ರೆ ಆ ಉಂಡೆ. ಅದು ಆಚೆ ಬರೋದೇ ಇಲ್ಲ. ತಾಯಿ ಹೊಟ್ಟೇಲೇ ಇದ್ದು ತಾನೂ ಬೀಜಾಣು ಮಾಡುತ್ತೆ. ಆಚೆ ಬರೋದು ಬೀಜಾಣು."

ಪುಟ್ಟಗಂಗಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. "ಅಂದ್ರೆ ಅಜ್ಜಿ ಹೊಟ್ಟೆಯಿಂದ ಮೊಮ್ಮಕ್ಳು!"

ಶಿವರಾಜು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ವರ್ಷಗಟ್ಟಲೆ ಮಕ್ಕಳ ತಲೆಗೆ ಹೋಗದೆ ಒದ್ದಾಡಿಸಿದ ಪಾಠ ಒಂದು ಮಾತಿನಲ್ಲಿ ಮುಗಿದಿತ್ತು. ಈಗ ತಮ್ಮ ಕ್ಲಾಸಿನಲ್ಲಿ ಅವರೂ ಹಾಗೇ ಹೇಳಿಕೊಡುತ್ತಾರೆ, ಯಾರ ಮಾತು ಅನ್ನುವುದನ್ನೂ ಹೇಳುತ್ತಾರೆ.

ಮರುವರ್ಷ ಫೆಬ್ರವರಿಯ ವಿಜ್ಞಾನ ದಿನಕ್ಕೆ ಸುತ್ತಲಿನ ಹೈಸ್ಕೂಲುಗಳ ಮಕ್ಕಳನ್ನು ಕರೆದಿದ್ದೆವು. ಹೊಸ ಜಾಡಿಯಲ್ಲಿ ತೊರಕೆ, ಪಕ್ಕದ ಚಿಕ್ಕ ಜಾಡಿಯಲ್ಲಿ ಎರಡು ಮರಿ, ಅದರ ಪಕ್ಕ ಕರಟದಲ್ಲಿ ರಿಕ್ಸಿಯಾ. ಒಂದೇ ಮೇಜು. ಮೇಜಿನ ಹಿಂದೆ ನಿಲ್ಲಬೇಕಾದವರು ಯಾರು ಅನ್ನುವ ಬಗ್ಗೆ ನನಗೂ ಶಿವರಾಜು ಅವರಿಗೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಪುಟ್ಟಗಂಗಮ್ಮನಿಗೆ.

"ನಾನು ಜಾಡಿ ಒರೆಸೋಳು ಮೇಡಂ. ಮಾತಾಡೋದು ನಿಮ್ ಕೆಲಸ."

"ಇಪ್ಪತ್ತು ವರ್ಷ ಕೇಳಿದ್ದೀರಲ್ಲ, ಈಗ ನೀವು ಹೇಳಿ. ನಾವು ಕೇಳ್ತೀವಿ."

ಆವತ್ತು ಕಡು ಹಸಿರು ಸೀರೆ ಉಟ್ಟು ಬಂದಿದ್ದರು. ಮೊದಲ ತಂಡಕ್ಕೆ ದನಿ ನಡುಗಿತು. ಎರಡನೇ ತಂಡಕ್ಕೆ ಸರಿಹೋಯಿತು. ಮೂರನೇ ತಂಡದ ಹೊತ್ತಿಗೆ ಮಕ್ಕಳು ಆ ಮೇಜು ಬಿಟ್ಟು ಕದಲುತ್ತಿರಲಿಲ್ಲ. "ಬಾಯಿ ಎಲ್ಲೈತೆ ಹುಡುಕ್ರಿ. ಮೇಲ್ಗಡೆ ಅಲ್ಲ ಕಣ್ರವ್ವ, ಕೆಳಗೆ! ಅದು ಮರಳಿನ ಮೇಲೆ ಮಲಗಿ ಉಣ್ಣೋ ಪ್ರಾಣಿ. ಈಗ ಈ ಪಾಚಿ ಮಗುಚ್ರಿ. ಬೇರಿನಂಥ ನೂಲು ಎಲ್ಲೈತೆ? ಅದೂ ಕೆಳಗೆ. ಮಲಗಿ ಬಾಳೋರಿಗೆಲ್ಲ ಊಟದ ದಾರಿ ಕೆಳಗೇ." ಒಬ್ಬಳು ಹುಡುಗಿ, "ಹಂಗಾದ್ರೆ ಇವೆರಡೂ ನೆಂಟ್ರಾ ಆಂಟಿ?" ಅಂತ ಕೇಳಿದಳು. "ಅಲ್ಲ ಕಣಮ್ಮ. ನೆಂಟಸ್ತನ ಏನೂ ಇಲ್ಲ. ಒಂದಕ್ಕೆ ಇನ್ನೊಂದು ಇರೋದೇ ಗೊತ್ತಿಲ್ಲ. ಇಬ್ರಿಗೂ ಬಂದ ಕಷ್ಟ ಒಂದೇ, ಹುಟ್ಟೋವರ್ಗೂ ಕೂಸು ಜ್ವಾಪಾನ ಮಾಡೋದು. ಇಬ್ರೂ ಬೇರೆ ಬೇರೆಯಾಗಿ ಒಂದೇ ಬುದ್ಧಿ ಓಡ್ಸವೆ."

ಮುಖ್ಯ ಅತಿಥಿಯಾಗಿ ಬಂದಿದ್ದವರು ಮೈಸೂರಿನ ನಿವೃತ್ತ ಪ್ರಾಧ್ಯಾಪಕರು. ಹೆಸರು ಸೂರ್ಯಪ್ರಕಾಶ್. ಮೂಲೆಯಲ್ಲಿ ನಿಂತು ಎಲ್ಲ ಕೇಳಿದರು. ಆಮೇಲೆ ಮುಂದೆ ಬಂದರು.

"ಒಂದು ಪ್ರಶ್ನೆ ತಾಯಿ. ತೊರಕೆ ಮರಿ ಹಾಕಿದ ಮೇಲೂ ಬದುಕುತ್ತೆ, ಈಜಿಕೊಂಡು ಹೋಗುತ್ತೆ. ನಿಮ್ಮ ರಿಕ್ಸಿಯಾದ ಮೈ ಕೊಳೆತರೆ ತಾನೆ ಬೀಜಾಣು ಆಚೆ ಬರೋದು? ಅಂದ್ರೆ ಈ ತಾಯಿ ಸಾಯಲೇಬೇಕಾ?"

ಶಿವರಾಜು ನನ್ನ ಮುಖ ನೋಡಿದರು. ಮಕ್ಕಳೆಲ್ಲ ಪುಟ್ಟಗಂಗಮ್ಮನ ಮುಖ ನೋಡಿದರು.

"ನಂಗೆ ಗೊತ್ತಿಲ್ಲ ಸಾ," ಅಂದರು ಅವರು. "ಆದ್ರೆ ಗೊತ್ತು ಮಾಡ್ಕಂತೀನಿ. ಬೇಸಿಗೆ ಕಳೀಲಿ."

ಪ್ರಾಧ್ಯಾಪಕರು ಕೈ ಮುಗಿದರು. "ಅದೇ ಸರಿಯಾದ ಉತ್ತರ" ಅಂದು ತಮ್ಮ ಫೋನ್ ನಂಬರು ಬರೆದುಕೊಟ್ಟು ಹೋದರು.

ಬಾಯಿ ಮಾತಿಗೆ ಹಾಗೆ ಅಂದಿರಬಹುದು ಅಂದುಕೊಂಡಿದ್ದೆ. ಏಪ್ರಿಲ್ಲಿನಲ್ಲಿ ಒಂದು ಭಾನುವಾರ ಅವರ ತೋಟಕ್ಕೆ ಹೋದಾಗ ತಿಳಿಯಿತು. ಬಚ್ಚಲ ಹಿಂದಿನ ನೆರಳಲ್ಲಿ ಇಪ್ಪತ್ತನಾಲ್ಕು ಕರಟಗಳು ಸಾಲಾಗಿ ಕೂತಿದ್ದವು. ಹನ್ನೆರಡಕ್ಕೆ ದಿನಾ ನೀರು, ಹನ್ನೆರಡನ್ನು ಒಣಗಲು ಬಿಟ್ಟಿದ್ದರು. ಪ್ರತಿ ಕರಟದಲ್ಲೂ ಒಂದೊಂದು ಗಿಡದ ತುದಿಗೆ ಸರಿಯಾಗಿ ಗುರುತಿಗೆ ಕೆಂಪು ದಾರ ಸುತ್ತಿದ ತೆಂಗಿನ ಗರಿಕಡ್ಡಿ, ಕಪ್ಪು ಚುಕ್ಕಿ ಇರುವ ಕಡೆ ಬಿಳಿ ದಾರದ ಗರಿಕಡ್ಡಿ. ಗೋಡೆಗೆ ನೇತುಹಾಕಿದ ನೋಟುಪುಸ್ತಕದಲ್ಲಿ ವಾರಕ್ಕೆರಡು ಸಲ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಏಳನೇ ಕರಟ. ಹಿಂದೆ ಕಂದು. ಮುಂದೆ ಹಸಿರು." "ಹನ್ನೊಂದು. ಹಿಂದೆ ಕೊಳೆತು ಕರ್ರಗೆ ಪುಡಿ ಬಿತ್ತು. ತುದಿ ಜೀವ ಐತೆ."

ಚಿಕ್ಕರಂಗಯ್ಯ ಕಾಯಿ ರಾಶಿಯ ಪಕ್ಕ ಕೂತಿದ್ದರು. ನನ್ನನ್ನು ಕಂಡು ಎದ್ದರು. "ನೋಡಿ ಮೇಡಮ್ಮಾರೆ, ಒಳ್ಳೊಳ್ಳೆ ಕರಟಕ್ಕೆಲ್ಲ ಪಾಚಿ ಇಕ್ಕವಳೆ. ನಾನು ಈ ಕಡೀಗೆ ಕಾಲು ಇಡಂಗಿಲ್ಲ. ಕಡ್ಡಿ ಅಲ್ಲಾಡ್ತದಂತೆ." ಬೈಯುವಂತೆ ಹೇಳಿದರೂ ಆ ಸಾಲಿಗೆ ಕೋಳಿ ಬರದ ಹಾಗೆ ಸುತ್ತ ಗರಿಯ ಬೇಲಿ ಕಟ್ಟಿದ್ದವರು ಅವರೇ.

ಜೂನ್ ಮಳೆ ಬೀಳುವ ಹೊತ್ತಿಗೆ ಉತ್ತರ ಬಂದಿತ್ತು. ಗಿಡದ ಹಳೆಯ ಹಿಂಭಾಗ ಮಾತ್ರ ಕೊಳೆತು, ಅದರೊಳಗಿನ ಬೀಜಾಣು ಮಣ್ಣಿಗೆ ಉದುರಿತ್ತು. ಕವಲಿನ ಮುಂದಿನ ತುದಿಗಳು ಉಳಿದಿದ್ದವು. ಕವಲಿನವರೆಗೂ ಕೊಳೆತ ಕಡೆ ಒಂದು ಗಿಡ ಎರಡಾಗಿತ್ತು. ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಕರಟದಲ್ಲಿ ಹಾಗೇ. ಉಳಿದ ಐದರಲ್ಲಿ ಗಿಡ ಪೂರ್ತಿ ಸತ್ತಿತ್ತು. ಅದನ್ನೂ ಮುಚ್ಚಿಡದೆ ಬರೆದಿದ್ದರು.

"ಪುಸ್ತಕದಲ್ಲಿ ಇದು ಎರಡು ಸಾಲಿನಲ್ಲಿದೆ" ಅಂದರು ಶಿವರಾಜು, ನೋಟುಪುಸ್ತಕವನ್ನು ಪುಟ ಪುಟವಾಗಿ ತಿರುವುತ್ತಾ. "ನಾನು ಹದಿನೈದು ವರ್ಷದಿಂದ ಓದ್ತಾ ಇದೀನಿ, ಓದಿಸ್ತಾ ಇದೀನಿ. ಕಣ್ಣಾರೆ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ."

ಪುಟ್ಟಗಂಗಮ್ಮ ಮೈಸೂರಿನ ಪ್ರಾಧ್ಯಾಪಕರಿಗೆ ತಾವೇ ಫೋನು ಮಾಡಿದರು. ನಾನು ಪಕ್ಕದಲ್ಲಿದ್ದೆ. "ಸಾ, ನಾನು ತಿಪಟೂರಿನ ಪುಟ್ಟಗಂಗಮ್ಮ, ಪಾಚಿಯೋಳು. ತಾಯಿ ಸಾಯಲ್ಲ ಸಾ. ಹಿಂದೆ ಬುಟ್ಟು ಮುಂದಕ್ಕೆ ಹೋಯ್ತಾಳೆ."  ಪ್ರಾಧ್ಯಾಪಕರು ಮುಕ್ಕಾಲು ಗಂಟೆ ಮಾತಾಡಿದರು. ಎಷ್ಟು ನೀರು, ಎಂಥ ಮಣ್ಣು, ಬಿಸಿಲು ಎಷ್ಟು, ಎಲ್ಲ ಕೇಳಿದರು. ಕೊನೆಗೆ, ತುಮಕೂರಿನಲ್ಲಿ ನವೆಂಬರಿನಲ್ಲಿ ಕನ್ನಡದಲ್ಲೇ ನಡೆಯುವ ಒಂದು ವಿಜ್ಞಾನ ಸಮಾವೇಶಕ್ಕೆ ಇದನ್ನು ಕಳಿಸಲೇಬೇಕು ಅಂದರು.

ಪೋಸ್ಟರು ಮಾಡಿದೆವು. ಎಡಗಡೆ ತೊರಕೆ, ಬಲಗಡೆ ರಿಕ್ಸಿಯಾ, ನಡುವೆ ಹೋಲುವುದೇನು, ಹೋಲದ್ದೇನು ಎಂಬ ಪಟ್ಟಿ, ಕೆಳಗೆ ಕರಟಗಳ ಫೋಟೋ. ಹೆಸರು ಹಾಕುವಾಗ ಶಿವರಾಜು ಕಂಪ್ಯೂಟರಿನ ಮುಂದೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೊದಲ ಹೆಸರು ಟೈಪ್ ಮಾಡಿದ್ದರು: ಪುಟ್ಟಗಂಗಮ್ಮ. ಎರಡನೆಯದು ನನ್ನದು. ತಮ್ಮದನ್ನು ಕೊನೆಗೆ ಹಾಕಿಕೊಂಡರು.

"ಹೆಸರಿನ ಕೆಳಗೆ ಹುದ್ದೆ ಹಾಕಬೇಕಲ್ಲ ಸಾ," ಅಂದರು ಪುಟ್ಟಗಂಗಮ್ಮ. "ಅಟೆಂಡರ್ ಅಂತಾನೇ ಹಾಕ್ರಿ. ಸುಳ್ಳು ಬ್ಯಾಡ."

ಹಾಗೇ ಹಾಕಿದರು.

ಸಮಾವೇಶದ ದಿನ ಹಂದನಕೆರೆಯ ಕಡೆಯಿಂದ ಹದಿನಾಲ್ಕು ಜನ ಬಂದರು. ಚಿಕ್ಕರಂಗಯ್ಯ ಗರಿಗರಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಚಪ್ಪಲಿಯನ್ನು ಸಭಾಂಗಣದ ಬಾಗಿಲಲ್ಲೇ ಬಿಟ್ಟು ಬಂದರು. ಬೇಡ ಅಂದರೂ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಪೋಸ್ಟರಿನ ಹತ್ತಿರ ಹೋಗಿ ಮೊದಲ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಮತ್ತೊಮ್ಮೆ ಓದಿದರು. ಅಷ್ಟರಲ್ಲಿ ದಾವಣಗೆರೆಯ ಕಡೆಯ ಇಬ್ಬರು ಅಧ್ಯಾಪಕಿಯರು ಬಂದು, "ಈ ಕೆಲಸ ಮಾಡಿದ ಪುಟ್ಟಗಂಗಮ್ಮನವರು ಯಾರು?" ಅಂತ ನನ್ನನ್ನು ಕೇಳಿದರು.

ನಾನು ಕೈ ತೋರಿಸುವ ಮೊದಲೇ ಚಿಕ್ಕರಂಗಯ್ಯ ತಿರುಗಿದರು. "ನಮ್ಮೆಂಗುಸ್ರು ಕಣ್ರೀ. ಬನ್ನಿ, ಅವಳೇ ಯೇಳ್ತಾಳೆ" ಅಂತ ಜನರನ್ನು ಸರಿಸಿ ದಾರಿ ಮಾಡಿದರು.

ಪುಟ್ಟಗಂಗಮ್ಮ ಹೆಂಡತಿಯ ನಾಚಿಕೆಯನ್ನೂ ಅಟೆಂಡರ್ ಎಂಬ ಸಂಕೋಚವನ್ನೂ ಪಕ್ಕಕ್ಕಿಟ್ಟು ಪೋಸ್ಟರಿನ ಮುಂದೆ ಬಂದು ನಿಂತರು. ಗರಿಕಡ್ಡಿಯೊಂದನ್ನು ಕೈಯಲ್ಲಿ ಹಿಡಿದಿದ್ದರು. ತೊರಕೆಯ ಚಿತ್ರದ ಮೇಲೆ ಅದನ್ನಿಟ್ಟು, ಮೇಷ್ಟ್ರುಗಳು ಪಾಠ ಶುರು ಮಾಡುವ ಹಾಗೆ ಒಂದು ಸಲ ಗಂಟಲು ಸರಿಮಾಡಿಕೊಂಡು, "ಮೊದಲು ಇದರ ಹೊಟ್ಟೆ ನೋಡಿ" ಅಂದರು.